ಡಬ್ಬಿ ಬದಲಾದ ರೀಲು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಹೋದ ಮಳೆಗಾಲಕ್ಕೆ ಮುಂಚೆ ಮೂಡಿಗೆರೆಯಲ್ಲಿ, ಈಗ ಕಾಫಿ ಗೋಡೌನ್ ಆಗಿರುವ ನಮ್ಮ ಹಳೇ ಟಾಕೀಸಿನ ಮುಂದೆ ಬಸ್ಸಿಗೆ ನಿಂತಿದ್ದೆ. ಅಲ್ಲಿ ಆಪರೇಟರ್ ಆಗಿದ್ದವರು ಬಂದು ನನ್ನ ಕೈ ಹಿಡಿದುಕೊಂಡರು.

“ಅವತ್ತು ನಾನು ರೀಲು ಹಿಂದೆಮುಂದೆ ಹಾಕಿದ್ದಕ್ಕೆ ನೀವೂ ಓನರ್ ಹತ್ರ ಬೈಸ್ಕೊಂಡ್ರಿ, ಬೇಜಾರು ಮಾಡ್ಕೋಬೇಡಿ ಮಾರಾಯ್ರೆ. ಸತ್ತ ಹೀರೊ ಎದ್ದು ಬಂದು ಮದುವೆ ಆದ್ನಲ್ಲ,” ಎಂದು ನಕ್ಕರು.

ಒಂದೇ ಪ್ರಿಂಟಿನಲ್ಲಿ ಬಣಕಲ್ಲಿನ ಟೆಂಟ್ ಟಾಕೀಸಿನಲ್ಲೂ ನಮ್ಮಲ್ಲೂ ಸಿನಿಮಾ ಓಡಿಸುತ್ತಿದ್ದ ಕಾಲ ಅದು. ಅಲ್ಲಿ ಮುಗಿದ ರೀಲುಗಳನ್ನು ಜೀಪಿನಲ್ಲಿ ತರುತ್ತಿದ್ದವನು ನಾನು. ಅಂದು ಇಳಿಸುವಾಗ ಪೆಟ್ಟಿಗೆ ಕೈಜಾರಿ ಬಿತ್ತು. ಹೊರಬಿದ್ದ ರೀಲುಗಳನ್ನು ಸಿಕ್ಕಸಿಕ್ಕ ಡಬ್ಬಿಗೆ ತುಂಬಿ ಏನೂ ಹೇಳದೆ ಕೊಟ್ಟೆ. ಅವರು ಡಬ್ಬಿಯ ಮೇಲಿನ ನಂಬರ್ ನಂಬಿ ಓಡಿಸಿದರು. ಮಾಲೀಕರು ಅವರನ್ನು ಅಂದೇ ಕೆಲಸದಿಂದ ತೆಗೆದರು.

ಇದನ್ನೆಲ್ಲ ನೆನೆಯುವಷ್ಟರಲ್ಲಿ ಅವರ ಬಸ್ಸು ಬಂತು, ಹತ್ತಿ ಹೋದರು. ತಪ್ಪು ತಮ್ಮದೇ ಎಂದು ಇಷ್ಟು ವರ್ಷ ನಂಬಿದ್ದರೋ, ನಾನೇ ಬಾಯಿಬಿಡಲಿ ಎಂದು ಕಾದರೋ, ಇವತ್ತಿಗೂ ತಿಳಿಯುತ್ತಿಲ್ಲ. ನಾನು ಕ್ಷಮೆ ಕೇಳದೆ ಉಳಿದದ್ದು ಆ ಆಪರೇಟರ್, ಬಾಳೂರಿನ ಶೇಷಪ್ಪನವರಲ್ಲಿ.