ತವರಿನ ಮಣ್ಣು ಮೆತ್ತಿದ ಆಲೂಗೆಡ್ಡೆ

ಬಾಗೂರಿನ ನಮ್ಮ ಹೊಲದಲ್ಲಿ ಆಲೂಗೆಡ್ಡೆ ಗಿಡಗಳು ಬುಡ ಕೊಳೆತು ಮಲಗಿದಾಗ ಅತ್ತೆ ಹೊಲವನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. "ನಿಮ್ಮಪ್ಪ ಕೊಟ್ಟ ಬೀಜ ಕಣವ್ವ. ನಮ್ ಮಣ್ಣಾಗೆ ಈ ರೋಗ ಯಾವತ್ತಿತ್ತು?" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ದೂರಲು ಬೇರೆ ಯಾರೂ ಸಿಗಲಿಲ್ಲವೇ ಇವರಿಗೆ!

ಬೀಜ ಕೊಟ್ಟದ್ದು ಅಪ್ಪನೇ, ಅದು ನಿಜ. ಮದುವೆಯಾದ ಮಗಳ ಹೊಲದ ಮೊದಲ ಬಿತ್ತನೆಗೆ ತವರಿನ ಬೀಜ ಹೋಗಬೇಕೆಂಬುದು ನಮ್ಮ ಮನೆತನದಲ್ಲಿ ನಡೆದುಬಂದದ್ದು. ಹೊಳೆನರಸೀಪುರದ ಕಡೆಯ ನನ್ನ ತವರು ಹರದನಹಳ್ಳಿಯಿಂದ ಅಪ್ಪ ಮೂಟೆ ತಂದಿದ್ದ. ಗೆಡ್ಡೆಗೆ ಮೆತ್ತಿದ್ದ ಮಣ್ಣು ಉಜ್ಜಲು ಹೋದ ನನ್ನ ಗಂಡನನ್ನು ತಡೆದು, "ಇರ್ಲಿ ಬುಡಿ, ಅದೂ ತವರಿನ್ದೇ ಅಲ್ವಾ" ಎಂದು ನಕ್ಕಿದ್ದ.

ನಾನು ಹಾಸನದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವವಳು. ಸುತ್ತಲ ತಾಲ್ಲೂಕುಗಳಿಂದ ಇದೇ ರೋಗದ ಬೂಷ್ಟು ತಂದು ಗಾಜಿನ ತಟ್ಟೆಯಲ್ಲಿ ಬೆಳೆಸುವುದು ನನ್ನ ಪಾಡು. ಕಣ್ಣಿಗೆ ಎಲ್ಲವೂ ಒಂದೇ: ಹಿಂಜಿದ ಹತ್ತಿಯಂಥ ಬಿಳಿ ಎಳೆ, ಮೇಲೆ ಸಾಸಿವೆಯಂಥ ಕಾಳು. ಆದರೆ ಅರಕಲಗೂಡಿನದನ್ನು ಕೊಲ್ಲುವ ಔಷಧಿಗೆ ಚನ್ನರಾಯಪಟ್ಟಣದ್ದು ಕ್ಯಾರೇ ಅನ್ನುವುದಿಲ್ಲ. ಎರಡು ಕಡೆಯ ಬೂಷ್ಟನ್ನು ಒಂದೇ ತಟ್ಟೆಯಲ್ಲಿ ಎದುರುಬದುರು ಇಟ್ಟರೆ ಕುಲ ಗೊತ್ತಾಗುತ್ತದೆ. ಬೇರೆ ಕುಲದವಾದರೆ ನಡುವೆ ಗೆರೆ ಬಿಟ್ಟು ನಿಲ್ಲುತ್ತವೆ, ಒಂದೇ ಆದರೆ ಬೆರೆತುಹೋಗುತ್ತವೆ.

ಅಪ್ಪನ ಹೊಲದ ಮೂಲೆಯಲ್ಲೂ ಆ ಸಲ ಕೆಲವು ಗಿಡ ಸೊರಗಿದ್ದವು. ಒಂದನ್ನು ಕಿತ್ತು ತಂದೆ. ನಮ್ಮ ಹೊಲದ ಬೂಷ್ಟನ್ನು ಒಂದು ತಟ್ಟೆಯಲ್ಲಿ ಪಕ್ಕದ ಹೊಲದ್ದರ ಎದುರು, ಇನ್ನೊಂದರಲ್ಲಿ ಅಪ್ಪನದರ ಎದುರು ಇಟ್ಟೆ. "ತಾಯೀ, ಅಪ್ಪನ ತಟ್ಟೆಯಲ್ಲಿ ಗೆರೆ ಮೂಡಲಿ" ಎಂದು ಕೈಮುಗಿದೆ. ವಿಜ್ಞಾನ ಓದಿದವಳು ಬೂಷ್ಟಿಗೆ ಹರಕೆ ಹೊತ್ತೆ, ನಗುವವರು ನಗಲಿ. ಅಪ್ಪನ ತಲೆ ತಗ್ಗಬಾರದು, ಅಷ್ಟೇ ನನಗೆ ಬೇಕಿದ್ದುದು. ದಿನಾ ಬಸ್ಸಿಳಿದವಳೇ ತಟ್ಟೆಯ ಕಡೆ ಓಡುತ್ತಿದ್ದೆ.

ಪಕ್ಕದ ಹೊಲದ್ದು ಗೆರೆ ಬಿಟ್ಟು ದೂರ ನಿಂತಿತು. ಅಪ್ಪನದು ನಮ್ಮದರೊಳಕ್ಕೆ ಹೊಕ್ಕು ಕೂತಿತ್ತು. ತಟ್ಟೆಯನ್ನು ತಿರುಗಿಸಿ ತಿರುಗಿಸಿ ಬೆಳಕಿಗೆ ಹಿಡಿದೆ. ಕೂದಲೆಳೆಯಷ್ಟೂ ಗೆರೆಯಿಲ್ಲ. ಬೆರೆತರೆ ನೆಂಟಸ್ತನ ತಿಳಿಯುತ್ತದೆ, ಬಂದ ದಾರಿ ತಿಳಿಯುವುದಿಲ್ಲ ಎಂದು ನನ್ನ ಮೇಲಿನವರು ಸಮಾಧಾನ ಹೇಳಿದರು. ದಾರಿ ನನಗೆ ಗೊತ್ತಿತ್ತು.

ಅತ್ತೆಗೆ ಹೇಳುವ ಮೊದಲು ಅಪ್ಪನಿಗೆ ಫೋನ್ ಮಾಡಿ, ಸುತ್ತಿಬಳಸದೆ ಹೇಳಿಬಿಟ್ಟೆ. ಬೈಯಲಿ, ಇಲ್ಲ ಅನ್ನಲಿ ಎಂದು ಕಾದೆ. ಬೈಯಲಿಲ್ಲ.

"ಬೀಜದ ಜೊತೇಲೇ ಓಯ್ತಾ?" ಎಂದ.

"ಮೆತ್ತಿದ್ ಮಣ್ಣಿನ ಜೊತೆ ಕಣಪ್ಪಾ. ಆ ಬೂಷ್ಟಿನ ಕಾಳು ಮಣ್ಣಲ್ಲಿ ವರ್ಷಗಟ್ಲೆ ಸಾಯಲ್ಲ."

"ಒಂದ್ ಸತಿ ಒಕ್ಕುದ್ರೆ ಒಲ ಬುಟ್ಟು ಓಗಕಿಲ್ವಾ?"

"ಸುಲಭವಾಗಿ ಓಗಲ್ಲಪ್ಪಾ."

"ನಿನ್ ತಂಗಿ ಒಲಕ್ಕೂ ಅದ್ನೇ ಕೊಟ್ಟಿವ್ನಿ ಕಣವ್ವಾ" ಎಂದ. ತಂಗಿಯನ್ನು ಆ ವರ್ಷವೇ ಗೊರೂರಿನ ಆಚೆ ಕೊಟ್ಟಿದ್ದೆವು. "ಕಾಲುವೆ ನೀರು ಬರ್ಲಿ ಅಂತ ತಡವಾಗ್ ಇಕ್ಕವ್ರೆ. ಮೊಳ್ಕೆ ಎದ್ದವೆ ಅಂತ ನೆನ್ನೆ ಫೋನ್ ಮಾಡಿ ಕುಣೀತಿದ್ಲು. ಅವ್ಳಿಗೆ ನೀನೇ ಹೇಳವ್ವಾ. ನನ್ ಕೈಲಾಗಕಿಲ್ಲ."