ಗುಂಡಿನ ಹೊಗೆ, ಇಗರ್ಜಿಯ ವಾಸನೆ

ದುಬೈಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ನಾಲ್ಕು ಗುಂಡು ಹಾರಿಸಿದರೆ ಸಾಕು, ಗುರಿಹಲಗೆಯೇ ಕಾಣದಷ್ಟು ಹೊಗೆ. ಎಕ್ಸಾಸ್ಟ್ ಫ್ಯಾನ್ ಕೆಟ್ಟಿದೆಯೆಂದು ಮೆಕ್ಯಾನಿಕ್ ಆದ ನನ್ನನ್ನು ಕರೆಸಿದರು. ಹೊಗೆ ಹೋಗದಿದ್ದರೆ ನಮ್ಮ ಕಂಪನಿಯ ಗುತ್ತಿಗೆಯೇ ರದ್ದಂತೆ. ಬಿಚ್ಚಿ ನೋಡಿದೆ, ಫ್ಯಾನ್ ಸರಿಯಾಗಿಯೇ ಇತ್ತು. ಹೊಗೆಯ ವಾಸನೆ ಮಾತ್ರ ನಮ್ಮೂರ ಇಗರ್ಜಿಯಲ್ಲಿ ಆಗತಾನೇ ಆರಿಸಿದ ಮೇಣದಬತ್ತಿಯದ್ದು.

"ಗುಂಡಿಗೆ ಮೇಣ ಹಚ್ತೀರಾ ಉಸ್ತಾದ್?" ಎಂದೆ.

ಅಲ್ಲಿ ಕೈಯಾರೆ ಗುಂಡು ತಯಾರಿಸುವ ಹಿರಿಯರು ಸಿಡುಕಿದರು. "ಸೀಸದ ಗುಂಡಿಗೆ ಹಚ್ಚಲೇಬೇಕು, ಇಲ್ಲದಿದ್ದರೆ ನಳಿಕೆಗೆ ಸೀಸ ಅಂಟುತ್ತೆ. ನೀನು ಫ್ಯಾನ್ ನೋಡು, ಯಲ್ಲಾ, ಬೇಗ!"

ನಾನು ಒಂದು ಗುಂಡನ್ನು ಎತ್ತಿ ನೋಡಿದೆ. "ಬೆರಳಿಗೆ ಅಂಟುವಷ್ಟು ಯಾಕೆ? ಉರಿದು ಹೊಗೆಯಾಗುವುದು ಈ ಮೇಣವೇ. ತೆಳ್ಳಗೆ ಹಚ್ಚಿ ನೋಡಿ."

ಮರುವಾರ ಹೋದರೆ ಗುರಿಹಲಗೆ ನಿಚ್ಚಳವಾಗಿ ಕಾಣುತ್ತಿತ್ತು. ಉಸ್ತಾದ್ ಎಲ್ಲರೆದುರು ನನ್ನನ್ನು "ಇಂಜಿನಿಯರ್ ಸಾಬ್" ಎಂದರು. ಎದೆಯುಬ್ಬಿತು.

ಚಿಕ್ಕಂದಿನಲ್ಲಿ ಬೇರೆ ಯಾವ ಕೆಲಸಕ್ಕೂ ಬಾರದವನೆಂದೇ ಪಾದ್ರಿಗಳು ನನಗೆ ಮೇಣದಬತ್ತಿ ಆರಿಸುವ ಕೆಲಸ ಕೊಟ್ಟಿದ್ದರು. ಅದನ್ನು ಮಾತ್ರ ಉಸ್ತಾದರಿಗೆ ಹೇಳಲಿಲ್ಲ.