ಮಜ್ಜಿಗೆ ಕುಡಿದ ಜಗಲಿ

ಯಲಹಂಕ ದಾಟಿ ಹೆಸರಘಟ್ಟದ ಕಡೆ ಹೋಗುವಾಗ ಒಂದು ಸಣ್ಣ ಮಣ್ಣಿನ ಅಣೆಕಟ್ಟು ಸಿಗುತ್ತದೆ. ಮೇಲಿನ ಲೇಔಟುಗಳ ಮಳೆನೀರು ಒಮ್ಮೆಲೇ ನುಗ್ಗದಂತೆ ತಡೆದು, ತೂಬಿನಿಂದ ನಿಧಾನವಾಗಿ ಬಿಡುವುದು ಅದರ ಕೆಲಸ. ಅದಕ್ಕೆ ಸುರಕ್ಷತೆಯ ದರ್ಜೆ ಕೊಡಲು ಹೋದ ಎಂಜಿನಿಯರು ನಾನು. ಕಟ್ಟೆ ಎಷ್ಟು ಗಟ್ಟಿ ಎಂಬುದಕ್ಕೂ ಈ ದರ್ಜೆಗೂ ಸಂಬಂಧವಿಲ್ಲ. ಒಡೆದರೆ ಕೆಳಗೆ ಯಾರಿಗೆ ಏನಾಗುತ್ತದೆ ಎಂಬುದಷ್ಟೇ ಪ್ರಶ್ನೆ. ಜನ ವಾಸವಿದ್ದರೆ ಮೇಲಿನ ದರ್ಜೆ, ಸೈರನ್ನು, ಮಳೆಗಾಲಕ್ಕೆ ಮುಂಚೆ ತಪಾಸಣೆ. ಇಲ್ಲದಿದ್ದರೆ ಕೆಳದರ್ಜೆ, ಯಾವಾಗಲಾದರೂ ಯಾರಾದರೂ ಇಣುಕಿದರೆ ಸಾಕು.

ಏಪ್ರಿಲ್ ಬಿಸಿಲು. ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಕೆಳಗೆ ಒಂದೇ ಒಂದು ಶೀಟಿನ ಮನೆ. ಕಟ್ಟೆ ಕಾಯುವ ನೀರಗಂಟಿ ಮತ್ತು ಅವರ ಹೆಂಡತಿ ಅಲ್ಲಿದ್ದರು. ನಾನು ಟೇಪು ಹಿಡಿದು ಏರಿಯ ಮೇಲೆ ಒದ್ದಾಡುವುದನ್ನು ನೋಡಿ ಆಕೆ ಕೂಗಿದರು: "ಬಿಸ್ಲಾಗೆ ಇಂಗೇ ನಿಂತ್ರೆ ತಲೆ ಸುತ್ತುತ್ತೆ ಕಣಪ್ಪಾ, ಬಂದು ಕುಂತ್ಕೊ." ಶುಂಠಿ, ಕರಿಬೇವು ಜಜ್ಜಿ ಹಾಕಿದ ಮಜ್ಜಿಗೆ ಕೊಟ್ಟರು. ಎರಡನೇ ಲೋಟ ಕೇಳುವ ಮೊದಲೇ ತುಂಬಿಸಿದರು. ಅವರ ಜಗಲಿಯ ಮೇಲೇ ಕೂತು, ತೊಡೆಯ ಮೇಲೆ ಫಾರಂ ಇಟ್ಟುಕೊಂಡು, 'ಕೆಳಭಾಗದಲ್ಲಿ ವಾಸವಿರುವ ಜನ' ಎಂಬಲ್ಲಿ 'ಇಲ್ಲ' ಎಂದು ಬರೆದೆ.

ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಲೇ ಇಲ್ಲ. ನಮ್ಮಲ್ಲಿ ಹಾಗೇ ರೂಢಿ. ತೂಬು, ಕೋಡಿ, ಕಾವಲಿನವರ ಮನೆ, ಎಲ್ಲ ಕಟ್ಟೆಯದೇ ಪಟ್ಟಿಯಲ್ಲಿ ಬರುತ್ತವೆ. ಕಟ್ಟೆಗೆ ಸೇರಿದ ಮನೆ ಊರು ಹೇಗಾದೀತು? ನಮ್ಮ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ.

ಆ ವರ್ಷ ಅಕ್ಟೋಬರಿನಲ್ಲಿ ಮೂರು ದಿನ ಮಳೆ ಬಿಡಲಿಲ್ಲ. ಮೂರನೆಯ ಮಧ್ಯಾಹ್ನ ನೀರಗಂಟಿ ಕೋಡಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕು, ಕಸ ಎಳೆದುಹಾಕುತ್ತಿದ್ದರಂತೆ. ಪಕ್ಕದ ಮಣ್ಣು ಕುಸಿದು ನೀರು ನುಗ್ಗಿತು. ಏರಿಯ ಮೇಲಿಂದ ಅವರು ಗಂಟಲು ಹರಿಯುವಂತೆ ಕೂಗಿದರು. ಶೀಟಿನ ಮೇಲಿನ ಮಳೆಯ ಸದ್ದಿಗೆ ಒಳಗಿದ್ದ ಹೆಂಡತಿಗೆ ಕೇಳಿಸಲಿಲ್ಲ. ಮನೆಯ ಜೊತೆ ಆಕೆಯೂ ಕೊಚ್ಚಿಹೋದರು. ಸೈರನ್ನಾದರೆ ಕೇಳಿಸುತ್ತಿತ್ತು. ಆದರೆ ನನ್ನ ಫಾರಂ ಪ್ರಕಾರ ಕೆಳಗೆ ಜನರಿರಲಿಲ್ಲ, ಹಾಗಾಗಿ ಸೈರನ್ನೂ ಇರಲಿಲ್ಲ.

ಅಂದಿನಿಂದ ನನಗೆ ಮಜ್ಜಿಗೆ ಸೇರುವುದಿಲ್ಲ. ಅಡುಗೆಮನೆಯಲ್ಲಿ ಶುಂಠಿ ಜಜ್ಜುವ ಸದ್ದಾದರೆ ಎದ್ದು ಹೊರಗೆ ಹೋಗುತ್ತೇನೆ. ಸಂಜಯನಗರದ ನಮ್ಮ ಮಹಡಿಯ ಶೀಟಿನ ಮೇಲೆ ಮಳೆ ಬಿದ್ದಾಗ, ಅದರ ಹಿಂದೆ ಯಾರೋ ಕೂಗುತ್ತಿದ್ದಾರೆ ಅನ್ನಿಸಿ ಕಿವಿಗೊಡುತ್ತೇನೆ. ಹೆಂಡತಿ "ಏನ್ರೀ?" ಅಂದರೆ "ಏನಿಲ್ಲ ಬಿಡು" ಅನ್ನುತ್ತೇನೆ.

ಕಟ್ಟೆ ದುರಸ್ತಿಯಾದ ಮೇಲೆ ದರ್ಜೆಯನ್ನು ಮತ್ತೆ ನೋಡಲು ನನ್ನನ್ನೇ ಕಳಿಸಿದರು. ಮನೆಯಿದ್ದಲ್ಲಿ ಜಗಲಿಯೊಂದೇ ಉಳಿದಿತ್ತು. ನೀರಗಂಟಿ ಈಗ ಕಟ್ಟೆಯ ಮೇಲ್ಭಾಗದ ಊರೊಳಗೆ ಮಗಳ ಮನೆಯಲ್ಲಿದ್ದು, ಅಲ್ಲಿಂದಲೇ ಕೆಲಸಕ್ಕೆ ಬರುತ್ತಿದ್ದರು. ಎಲ್ಲಿ ಕೂತು ಏನು ಬರೆದೆ ಎಂದು ಅವರಿಗೆ ಹೇಳಿಬಿಟ್ಟೆ. ಬೈಯಲಿ, ಬೇಕಾದರೆ ಹೊಡೆಯಲಿ ಎಂದೇ ಹೇಳಿದೆ. ಅವರು ನೀರಿನ ಕಡೆಯಿಂದ ನನ್ನತ್ತ ತಿರುಗಿದರು.

"ಲೋಟ ಇಡ್ಕೊಂಡು ನಿಮ್ಮೆದುರ್ಗೇ ನಿಂತಿದ್ಳಲ್ಲ ಸಾ," ಅಂದರು. "ಕಾಣ್ಲಿಲ್ವಾ?"

ನಾಚಿಕೆಯಿಂದ ತಲೆ ತಗ್ಗಿಸಿ ಫಾರಂ ತೆಗೆದೆ. ಅದೇ ಪ್ರಶ್ನೆ, ಅದೇ ಖಾಲಿ ಜಾಗ. ಏರಿಯ ಮೇಲಿಂದ ಕೆಳಗೆ ಕಣ್ಣು ಹಾಯುವಷ್ಟು ದೂರ ನೋಡಿದೆ. 'ಇಲ್ಲ' ಎಂದು ಬರೆದೆ. ಈ ಸಲ ಅದು ನಿಜವಾಗಿತ್ತು.